ಬೇಡ ಅಂದವರಿಗೆ ಅರ್ಧ ಬೆಲೆ: ನಿಮ್ಮ ಪೇಜಿಗೆ ಡೌನ್‌ಸೆಲ್ ಹಾಕಿಸುವ ಮುಂಚೆ ಇದನ್ನು ಓದಿ

ಆನ್‌ಲೈನಿನಲ್ಲಿ ಕ್ಲಾಸು, ಸೀರೆ, ಹಪ್ಪಳ, ಏನೇ ಮಾರುತ್ತಿರಿ, ಯಾರಾದರೂ ಬಂದು "ನಿಮ್ಮ ಪೇಜಿಗೆ ಡೌನ್‌ಸೆಲ್ ಹಾಕಿಕೊಡ್ತೀವಿ, ಕೈತಪ್ಪಿ ಹೋಗೋ ಗಿರಾಕಿಗಳನ್ನೆಲ್ಲ ಹಿಡಿದುಕೊಡ್ತೀವಿ" ಅಂದರೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಪೂರ್ತಿ ಓದಿ. ಡೌನ್‌ಸೆಲ್ ಅಂದರೆ ಬೇಡ ಅಂತ ಹೊರಟ ಗಿರಾಕಿಗೆ ಕಡಿಮೆ ಬೆಲೆಯದನ್ನು ತೋರಿಸುವುದು. ಹೀಗೆ ಹಾಕಿಸಿಕೊಂಡ ವ್ಯವಸ್ಥೆಯಿಂದ ನನ್ನ ವಿದ್ಯಾರ್ಥಿನಿಯರು ಎರಡೆರಡು ಸಲ ದುಡ್ಡು ಕಟ್ಟಿದರು. ನನ್ನನ್ನು ನಂಬಿ ಪೂರ್ತಿ ಫೀಸು ಕೊಟ್ಟವರು, ಮೋಸ ಹೋದೆವು ಅಂತ ನೊಂದುಕೊಂಡರು. ಬೇರೆ ಯಾರಿಗೂ ಹೀಗಾಗಬಾರದು ಅಂತಲೇ ಬರೆಯುತ್ತಿದ್ದೇನೆ.

ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಅದರ ಜೊತೆಗೆ ಬ್ಲೌಸಿನ ಆರಿ ವರ್ಕ್ ಆನ್‌ಲೈನಿನಲ್ಲಿ ಹೇಳಿಕೊಡುತ್ತೇನೆ. ಶಿರಾ, ಪಾವಗಡ, ತಿಪಟೂರು, ಗುಬ್ಬಿ, ಕುಣಿಗಲ್ ಕಡೆಯ ಹೆಣ್ಣುಮಕ್ಕಳೇ ಹೆಚ್ಚು. ಮದುವೆ ಸೀಸನ್ನಿನಲ್ಲಿ ಒಂದು ಬ್ಲೌಸಿಗೆ ಕೈ ತುಂಬ ದುಡ್ಡು ಸಿಗುವ ಕೆಲಸ ಇದು, ಕಲಿತರೆ ಮನೆಯಲ್ಲೇ ಕೂತು ಮಾಡಬಹುದು. ಕೋರ್ಸಿನ ಫೀಸು 2,999 ರೂಪಾಯಿ. ಅದರಲ್ಲಿ ವಿಡಿಯೋ ಪಾಠ, ವಾರಕ್ಕೊಂದು ಲೈವ್ ಕ್ಲಾಸು, ಮತ್ತೆ ಅಂಚೆಯಲ್ಲಿ ಒಂದು ಕಿಟ್: ಆರಿ ಸೂಜಿ, ಫ್ರೇಮು, ಸಿಲ್ಕ್ ದಾರ, ಮಣಿ, ಜರ್ದೋಸಿ. ಕಿಟ್ಟಿಗೇ ನನಗೆ 700 ರೂಪಾಯಿ ಬೀಳುತ್ತದೆ, ಅಂಚೆ ಖರ್ಚು ಇನ್ನೊಂದು 100.

ಎಷ್ಟೋ ಜನ ಪೇಜಿಗೆ ಬಂದು, ಬೆಲೆ ನೋಡಿ ವಾಪಸ್ ಹೋಗುತ್ತಿದ್ದರು. ಫನಲ್ ಮಾಡಿಕೊಡುವ ಬೆಂಗಳೂರಿನ ಒಂದು ಏಜೆನ್ಸಿಯವರು ಸಿಕ್ಕಿದಾಗ ನಾನು ಕೇಳಿದ್ದು ಒಂದೇ: ಕಿಟ್ ಬೇಡದವರಿಗೆ, ವಿಡಿಯೋ ಮಾತ್ರ ಸಾಕು ಅನ್ನುವವರಿಗೆ ಕಡಿಮೆ ಬೆಲೆಯ ಇನ್ನೊಂದು ಆಯ್ಕೆ ಇರಲಿ. ತಾವು ಮಾಡಿದ ಸೇಲಿಗೆ ಶೇ. 20 ಕಮಿಷನ್ ಅಂತ ಅವರ ಷರತ್ತು. ಅದಕ್ಕೂ ಒಪ್ಪಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಫನಲ್ ಅಂದರೆ ಗಿರಾಕಿ ನಡೆದು ಬರುವ ದಾರಿ: ಜಾಹೀರಾತು, ಅಲ್ಲಿಂದ ಪೇಜು, ಅಲ್ಲಿಂದ ಪೇಮೆಂಟು. ದುಡ್ಡು ಕಟ್ಟಿದವರಿಗೆ ಇನ್ನೂ ದೊಡ್ಡದೊಂದನ್ನು ತೋರಿಸಿದರೆ ಅದು ಅಪ್‌ಸೆಲ್. ಬೇಡ ಅಂದವರಿಗೆ ಕಡಿಮೆ ಬೆಲೆಯದನ್ನು ತೋರಿಸಿದರೆ ಅದು ಡೌನ್‌ಸೆಲ್. ಈ ಯೋಚನೆಯಲ್ಲಿ ಕೆಟ್ಟದ್ದೇನೂ ಇಲ್ಲ. ಕೈಯಲ್ಲಿ 3,000 ಇಲ್ಲದ ಹುಡುಗಿಗೂ ಒಂದು ದಾರಿ ಇರಬೇಕು, ನಾನು ಬಯಸಿದ್ದೂ ಅದನ್ನೇ.

ಅವರು ಹಾಕಿದ್ದು ಬೇರೆ. ಪೇಜು ಬಿಟ್ಟು ಹೊರಟವರಿಗೆ ಅದೇ ಕೋರ್ಸು, ಅದೇ ಲೈವ್ ಕ್ಲಾಸು, ಅದೇ ಕಿಟ್ಟು 1,499ಕ್ಕೆ. ನನಗೆ ತಿಳಿದ ಕೂಡಲೇ ಫೋನ್ ಮಾಡಿ ಕೇಳಿದೆ. "ವಿಡಿಯೋ ಕೋರ್ಸ್ ಬೇರೆ ಮಾಡಿ ಸೆಟ್ ಮಾಡೋಕೆ ಟೈಮ್ ಬೇಕು ಮೇಡಂ, ಸದ್ಯಕ್ಕೆ ರೇಟ್ ಇಳಿಸಿದ್ದೀವಿ. ಪೂರ್ತಿ ಕೊಟ್ಟವರಿಗೆ ಇದು ಕಾಣೋದೇ ಇಲ್ಲ" ಅಂದರು. ಪೂರ್ತಿ ಕೊಡುತ್ತಿದ್ದವರಿಗೇ ಅದು ಮೊದಲು ಕಂಡಿದ್ದು.

ಅದು ಹೇಗೆ ಅಂತ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿರಲಿಲ್ಲ. "ಹೊರಟವರಿಗೆ" ತೋರಿಸುವ ಪಾಪ್‌ಅಪ್, ಅಂದರೆ ಪುಟದ ಮೇಲೆ ತಾನಾಗಿ ಏಳುವ ಪೆಟ್ಟಿಗೆ, ಲ್ಯಾಪ್‌ಟಾಪಿಗಾಗಿ ಹುಟ್ಟಿದ್ದು. ಮೌಸು ಪುಟದ ಮೇಲ್ತುದಿಗೆ, ಮುಚ್ಚುವ ಗುರುತಿನ ಕಡೆಗೆ ಹೋದರೆ ಈ ವ್ಯಕ್ತಿ ಹೊರಡುತ್ತಿದ್ದಾರೆ ಅಂತ ಸಾಫ್ಟ್‌ವೇರ್ ಊಹಿಸುತ್ತದೆ. ಮೊಬೈಲಿನಲ್ಲಿ ಮೌಸ್ ಇಲ್ಲ. ಹಾಗಾಗಿ ಬ್ಯಾಕ್ ಒತ್ತಿದರೆ, ಬ್ರೌಸರ್ ಬಿಟ್ಟು ಬೇರೆ ಆಪಿಗೆ ಹೋದರೆ, ಹೊರಟರು ಅಂತ ಲೆಕ್ಕ ಹಾಕುವ ಹಾಗೆ ಅದನ್ನು ಸೆಟ್ ಮಾಡಿರುತ್ತಾರೆ. ನಮ್ಮ ಜನ ದುಡ್ಡು ಕಟ್ಟುವುದು ಹೇಗೆ? ಪೇಜಿನಲ್ಲಿ ಪೇ ಒತ್ತುತ್ತಾರೆ, ಫೋನ್‌ಪೇನೋ ಗೂಗಲ್ ಪೇನೋ ತೆರೆದುಕೊಳ್ಳುತ್ತದೆ, ಪಿನ್ ಹಾಕಿ ವಾಪಸ್ ಬ್ರೌಸರಿಗೆ ಬರುತ್ತಾರೆ. ಆ ಪಿನ್ ಹಾಕಲು ಹೋದದ್ದನ್ನೇ ಸಾಫ್ಟ್‌ವೇರ್ "ಹೊರಟರು" ಅಂತ ಹಿಡಿಯಿತು. 2,999 ಕಟ್ಟಿ ವಾಪಸ್ ಬಂದವರ ಕಣ್ಣೆದುರು ದೊಡ್ಡ ಅಕ್ಷರದಲ್ಲಿ "ನಿಲ್ಲಿ! 1,499 ಮಾತ್ರ!"

ಶಿರಾ ಕಡೆಯ ಒಬ್ಬಳು ಫೋನ್ ಮಾಡಿ, "ಅಕ್ಕಾ, ದುಡ್ಡು ಕಟ್ಟಾಯ್ತು, ಈಗ ಇನ್ನೊಂದು 1,499 ಕೇಳ್ತಾ ಐತೆ, ಅದನ್ನೂ ಕಟ್ಟಬೇಕಾ?" ಅಂತ ಕೇಳಿದಳು. ಅವಳು ಕೇಳಿದ್ದು ಪುಣ್ಯ. ಕೇಳದೆ ಕಟ್ಟಿದವರೂ ಇದ್ದರು. ಅದು ಎರಡನೇ ಕಂತು ಇರಬೇಕು ಅಂದುಕೊಂಡವರು ಕೆಲವರು. ಮೊದಲ ಪೇಮೆಂಟು ಪೆಂಡಿಂಗ್ ಅಂತ ತೋರಿಸುತ್ತಿದೆ, ಹೋಗಿಲ್ಲವೇನೋ ಅಂತ ಮತ್ತೆ ಕಟ್ಟಿದವರು ಕೆಲವರು. ಪಾವಗಡದ ಹಳ್ಳಿಯೊಂದರಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡುವಾಗ ಯುಪಿಐ ಪೇಮೆಂಟು ಪೆಂಡಿಂಗ್‌ನಲ್ಲಿ ನಿಲ್ಲುವುದು ಮಾಮೂಲಿ. ಅಂಥ ಹೊತ್ತಿನಲ್ಲಿ ಅರ್ಧ ಬೆಲೆಯ ಬಟನ್ ಮುಂದಿಟ್ಟರೆ ಯಾರೇ ಆದರೂ ಒತ್ತುತ್ತಾರೆ.

ಏಜೆನ್ಸಿಯವರು ಇದನ್ನು ಪರೀಕ್ಷೆ ಮಾಡಿದ್ದು ತಮ್ಮ ಲ್ಯಾಪ್‌ಟಾಪಿನಲ್ಲಿ, ಕಾರ್ಡ್ ಹಾಕಿ. ಫನಲ್ಲಿನ ಮಾದರಿ ಅಮೆರಿಕದ್ದು, ಅಲ್ಲಿ ಒಮ್ಮೆ ಕೊಟ್ಟ ಕಾರ್ಡಿನಿಂದ ಮುಂದಿನ ಆಫರಿಗೂ ಒಂದೇ ಕ್ಲಿಕ್ಕಿನಲ್ಲಿ ದುಡ್ಡು ಎಳೆಯುತ್ತಾರೆ. ನಮ್ಮಲ್ಲಿ 2022ರ ಅಕ್ಟೋಬರ್ 1ರಿಂದ ಮಾರುವವರು ಗಿರಾಕಿಯ ಕಾರ್ಡ್ ನಂಬರು ಇಟ್ಟುಕೊಳ್ಳುವ ಹಾಗೇ ಇಲ್ಲ, ಆರ್‌ಬಿಐ ನಿಯಮ. ಸಾಮಾನ್ಯವಾಗಿ ಕಾರ್ಡಿಗೆ ಓಟಿಪಿ, ಯುಪಿಐಗೆ ಪಿನ್. ಪ್ರತಿ ಆಫರಿಗೂ ಗಿರಾಕಿ ಇನ್ನೊಮ್ಮೆ ಖಾತರಿ ಮಾಡಬೇಕು, ಮೊಬೈಲಿನಲ್ಲಿ ಯುಪಿಐ ಆದರೆ ಸಾಮಾನ್ಯವಾಗಿ ಪೇಜು ಬಿಟ್ಟು ಹೋಗಿ ಬರಬೇಕು. ಹೀಗಿರುವಾಗ ಆ ಮಾದರಿಯನ್ನು ಹಾಗೇ ಎತ್ತಿ ತಂದು ಇಲ್ಲಿ ಕೂರಿಸಿದರೆ ಏನಾಗುತ್ತದೆ ಅಂತ ಅವರು ಒಂದು ಸಾಧಾರಣ ಆಂಡ್ರಾಯ್ಡ್ ಫೋನಿನಲ್ಲಿ ಐದು ನಿಮಿಷ ನೋಡಿದ್ದರೂ ಗೊತ್ತಾಗುತ್ತಿತ್ತು.

ದುಡ್ಡಿನ ಗೊಂದಲ ಹೇಗೋ ಸರಿ ಮಾಡಬಹುದು. ನನಗೆ ಹೆಚ್ಚು ನೋವಾಗಿದ್ದು ವಾಟ್ಸಾಪ್ ಗ್ರೂಪಿನಲ್ಲಿ. ತಿಪಟೂರಿನ ಒಬ್ಬರು ಸ್ಕ್ರೀನ್‌ಶಾಟ್ ಹಾಕಿ ಬರೆದರು: "ನಾನು ಸಂಘದಲ್ಲಿ ಸಾಲ ತೆಗೆದು 2,999 ಕಟ್ಟಿದೆ. ನನ್ನ ನಾದಿನಿ ಬ್ಯಾಕ್ ಒತ್ತಿದ್ದಕ್ಕೆ ಅದೇ ಕಿಟ್ಟು 1,499ಕ್ಕೆ ಬಂತು. ಹಾಗಾದ್ರೆ ನಂಬಿ ಕೊಟ್ಟಿದ್ದು ತಪ್ಪಾ ಅಕ್ಕ?" ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂತೆಯಲ್ಲಿ ಎದ್ದು ಹೊರಟವರನ್ನು ಕರೆದು ಬೆಲೆ ಇಳಿಸುವುದುಂಟು, ಆದರೆ ಅಲ್ಲಿ ಚೌಕಾಸಿ ಇದೆ ಅಂತ ಬಂದವರಿಗೆಲ್ಲ ಗೊತ್ತಿರುತ್ತದೆ. ನನ್ನ ಪೇಜಿನಲ್ಲಿ ಒಂದೇ ಬೆಲೆ ಬರೆದಿತ್ತು. ಅದನ್ನು ನಂಬಿ, ಪ್ರಶ್ನೆ ಕೇಳದೆ, ಮೊದಲೇ ಕೊಟ್ಟವರಿಗೆ ಹೆಚ್ಚು. ಅನುಮಾನ ಪಟ್ಟವರಿಗೆ ಕಡಿಮೆ. ಹೀಗೆ ವ್ಯಾಪಾರ ಮಾಡುವುದು ಅನ್ಯಾಯ ಅಂತಲೇ ನಾನು ಹೇಳುವುದು.

ಸುದ್ದಿ ಹರಡಿದ ಮೇಲೆ 2,999 ಕೊಡುವವರೇ ನಿಂತುಹೋದರು. ಎಲ್ಲರೂ ಬ್ಯಾಕ್ ಒತ್ತಿ 1,499ಕ್ಕೆ ಕೊಂಡರು. ಏಜೆನ್ಸಿಯ ರಿಪೋರ್ಟಿನಲ್ಲಿ ಮಾತ್ರ ಹಸಿರು ಬಾಣ ಮೇಲಕ್ಕೆ ಹೋಗುತ್ತಿತ್ತು, "ಡೌನ್‌ಸೆಲ್ ಉಳಿಸಿಕೊಟ್ಟ ಸೇಲ್" ಅಂತ. ಅವು ಉಳಿಸಿಕೊಟ್ಟ ಸೇಲುಗಳಲ್ಲ, ಪೂರ್ತಿ ಬೆಲೆಗೆ ಆಗಬೇಕಿದ್ದವೇ ಅರ್ಧಕ್ಕೆ ಇಳಿದವು. ಲೆಕ್ಕ ನೋಡಿ: 1,499ರಲ್ಲಿ ಕಿಟ್ಟು, ಅಂಚೆ 800. ಅವರ ಕಮಿಷನ್ 300. ಪೇಜಿನಲ್ಲಿ ಕಟ್ಟಿದ ದುಡ್ಡನ್ನು ನನ್ನ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯ ಶುಲ್ಕ ಶೇ. 2 ಮತ್ತು ಅದರ ಮೇಲೆ ಜಿಎಸ್‌ಟಿ, ಸುಮಾರು 35. ಉಳಿದ 364ರಲ್ಲಿ ಜಾಹೀರಾತಿನ ಖರ್ಚು, ನನ್ನ ಲೈವ್ ಕ್ಲಾಸಿನ ದುಡಿಮೆ ಎರಡೂ ಬರಬೇಕು. ಡೌನ್‌ಸೆಲ್ ಎಷ್ಟು ಜನ ಕೊಂಡರು ಅನ್ನುವ ಅಂಕಿಯನ್ನು ಯಾರಾದರೂ ತೋರಿಸಿದರೆ ಅದನ್ನು ಪಕ್ಕಕ್ಕಿಡಿ. ಪೇಜಿಗೆ ಬಂದ ಒಟ್ಟು ಜನಕ್ಕೆ, ಸಾಮಾನಿನ ಖರ್ಚು, ಕಮಿಷನ್, ರೀಫಂಡ್ ಎಲ್ಲ ಕಳೆದು ಕೈಗೆ ಉಳಿದದ್ದೆಷ್ಟು, ಡೌನ್‌ಸೆಲ್ ಹಾಕುವ ಮುಂಚೆ ಎಷ್ಟಿತ್ತು, ಆ ಎರಡನ್ನೇ ಕೇಳಿ.

ಪಾಪ್‌ಅಪ್ಪಿನ ಮಾತುಗಳೂ ಹೇಸಿಗೆ ತರಿಸುವಂಥವು. ಆಫರ್ ಬೇಡದವರು ಒತ್ತಬೇಕಾದ ಬಟನ್ನಿನ ಮೇಲೆ "ಬೇಡ, ನನಗೆ ಸ್ವಂತ ಸಂಪಾದನೆ ಬೇಕಿಲ್ಲ" ಅಂತ ಬರೆದಿದ್ದರು. ಮನೆಯಲ್ಲಿ ನಾಲ್ಕು ಜನರ ಮಾತು ಕೇಳಿಸಿಕೊಂಡು ಕಲಿಯಲು ಬರುವ ಹೆಣ್ಣುಮಕ್ಕಳಿಗೆ ಈ ಮಾತು! ಮೇಲೆ ಹತ್ತು ನಿಮಿಷದ ಗಡಿಯಾರ, ಪೇಜು ರಿಫ್ರೆಶ್ ಮಾಡಿದರೆ ಮತ್ತೆ ಹತ್ತರಿಂದ ಶುರು. ಇದು ಬರೀ ನನಗೆ ಹಿಡಿಸಲಿಲ್ಲ ಅನ್ನುವ ಮಾತೂ ಅಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಯನ್ನು ದಾರಿ ತಪ್ಪಿಸುವ ಪೇಜಿನ ತಂತ್ರಗಳನ್ನು ತಡೆಯುವ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆಯ ತಂತ್ರಗಳ ಪಟ್ಟಿ ಇದೆ. ಬೇಡ ಅಂದವರನ್ನು ನಾಚಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಕೇಳದೆ ಬುಟ್ಟಿಗೆ ಸಾಮಾನು ಸೇರಿಸುವುದು, ಮೂರೂ ಅದರಲ್ಲಿವೆ. ಮೂರನೆಯದನ್ನೂ ಅವರು ಬಿಟ್ಟಿರಲಿಲ್ಲ: 299 ರೂಪಾಯಿಯ ಸೀರೆ ಕುಚ್ಚಿನ ಪಾಠಕ್ಕೆ ಮೊದಲೇ ಟಿಕ್ ಹಾಕಿ ಇಟ್ಟಿದ್ದರು. ಮೊದಲೇ ಹಾಕಿದ ಟಿಕ್ಕನ್ನು ಒಪ್ಪಿಗೆ ಅಂತ ತೆಗೆದುಕೊಳ್ಳುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ದೂರು ಬಂದರೆ ಉತ್ತರ ಕೊಡಬೇಕಾದ್ದು ಪೇಜಿನಲ್ಲಿ ಯಾರ ಹೆಸರಿದೆಯೋ ಅವರು. ಅಂದರೆ ನೀವು.

ತೆಗೆಯಿರಿ ಅಂದ ತಕ್ಷಣ ತೆಗೆಯಲಿಲ್ಲ. ಪೇಜಿನ ಲಾಗಿನ್ ಅವರ ಕೈಯಲ್ಲಿತ್ತು, ಬದಲಾವಣೆಗೆ ಬೇರೆ ಚಾರ್ಜ್ ಅಂದರು. ಪೇಮೆಂಟ್ ಗೇಟ್‌ವೇ ಖಾತೆ ನನ್ನ ಹೆಸರಿನಲ್ಲಿ, ನನ್ನ ಕೆವೈಸಿಯಲ್ಲಿ ಇದ್ದದ್ದರಿಂದ ಬಚಾವಾದೆ. ಅಲ್ಲಿಂದಲೇ ಪೇಮೆಂಟು ನಿಲ್ಲಿಸಿದೆ. ಖಾತೆಯೂ ಅವರ ಹೆಸರಿನಲ್ಲೇ ಇರಲಿ ಅಂತ ಹೇಳುವವರಿದ್ದಾರೆ, ಅಂಥವರಿಗೆ ಖಂಡಿತ ಒಪ್ಪಬೇಡಿ. ಆಮೇಲೆ ಎರಡು ಸಲ ಕಟ್ಟಿದವರಿಗೆ ಎರಡನೆಯದನ್ನು ಪೂರ್ತಿ ವಾಪಸ್ ಕೊಟ್ಟೆ, ಅದೇ ಹೊತ್ತಿನಲ್ಲಿ 2,999 ಕಟ್ಟಿದ್ದವರಿಗೆಲ್ಲ 1,500 ವಾಪಸ್ ಕೊಟ್ಟೆ. ರೀಫಂಡ್ ಮಾಡಿದರೂ ಗೇಟ್‌ವೇ ಹಿಡಿದ ಶುಲ್ಕ ನನಗೆ ವಾಪಸ್ ಬರಲಿಲ್ಲ. ಏಜೆನ್ಸಿ ಕಮಿಷನ್ನನ್ನೂ ಬಿಡಲಿಲ್ಲ, ಒಪ್ಪಂದದಲ್ಲಿ ರೀಫಂಡ್ ಬಗ್ಗೆ ಒಂದಕ್ಷರವೂ ಇರಲಿಲ್ಲ ಅನ್ನುವುದು ಅವರ ವಾದ. "ರೀಫಂಡ್ ಆದ ಸೇಲಿಗೆ ಕಮಿಷನ್ ಇಲ್ಲ" ಅಂತ ಬರವಣಿಗೆಯಲ್ಲಿ ಹಾಕಿಸಿ.

ಕಡಿಮೆ ಬೆಲೆಯ ಆಯ್ಕೆ ಇಡಲೇಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟು. ಬೆಲೆ ಇಳಿದರೆ ಸಾಮಾನೂ ಇಳಿಯಬೇಕು, ಮತ್ತು ಏನು ಇಳಿಯಿತು ಅಂತ ಅಲ್ಲೇ ಕಾಣಬೇಕು. ನನ್ನಲ್ಲಿ ಈಗ 999ಕ್ಕೆ ವಿಡಿಯೋ ಮಾತ್ರ, ಕಿಟ್ಟೂ ಇಲ್ಲ ಲೈವ್ ಕ್ಲಾಸೂ ಇಲ್ಲ. 499ಕ್ಕೆ ಸೀರೆ ಕುಚ್ಚಿನ ಪಾಠ ಮಾತ್ರ. ಪೂರ್ತಿ ಕೋರ್ಸೇ ಬೇಕು, ಒಟ್ಟಿಗೆ ಕೊಡಲು ಆಗುವುದಿಲ್ಲ ಅನ್ನುವವರಿಗೆ ಮೂರು ಕಂತು, ಒಟ್ಟು ಮೊತ್ತ ಅದೇ 2,999. ಇವೆಲ್ಲ ಒಂದೇ ಪುಟದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇವೆ. 999ರದನ್ನು ಕೊಂಡವರ ಮೇಲೆ 2,999 ಕೊಟ್ಟವರಿಗೆ ಯಾವ ಸಿಟ್ಟೂ ಇಲ್ಲ, ಯಾಕೆಂದರೆ ಯಾರಿಗೆ ಏನು ಸಿಕ್ಕಿದೆ ಅಂತ ಇಬ್ಬರಿಗೂ ಗೊತ್ತು.

ಬೇರೆ ಪುಟದಲ್ಲಿ ಡೌನ್‌ಸೆಲ್ ತೋರಿಸಲೇಬೇಕೆಂದರೆ, ಗಿರಾಕಿ ತಾನಾಗಿ "ಬೇಡ" ಅಂತ ಒತ್ತಿದ ಮೇಲೆ ತೋರಿಸಿ, ಬರೀ "ಬೇಡ", ಪಕ್ಕದಲ್ಲಿ ಚುಚ್ಚುಮಾತು ಬೇಡ. ಒಂದು ಸಲ ಸಾಕು. ಎರಡನೇ ಸಲ ಇಳಿಸಿದರೆ ಮೂರನೇ ಸಲಕ್ಕೂ ಕಾಯುತ್ತಾರೆ. ಆಪ್ ಬದಲಿಸಿದ್ದಕ್ಕೆ, ಬ್ಯಾಕ್ ಒತ್ತಿದ್ದಕ್ಕೆ ಏಳುವ ಪಾಪ್‌ಅಪ್ ಇರಲೇಬಾರದು. ಪೇಮೆಂಟು ಆಯಿತೋ ಇಲ್ಲವೋ ಅನ್ನುವುದನ್ನು ಬ್ರೌಸರ್ ಯಾವ ಪುಟದಲ್ಲಿದೆ ಅಂತ ನೋಡಿ ತೀರ್ಮಾನಿಸಬಾರದು, ಗೇಟ್‌ವೇಯಿಂದ ಸರ್ವರಿಗೆ ನೇರವಾಗಿ ಬರುವ ಸಂದೇಶ, ಅದಕ್ಕೆ ವೆಬ್‌ಹುಕ್ ಅನ್ನುತ್ತಾರೆ, ಅದನ್ನು ನೋಡಿಯೇ ತೀರ್ಮಾನಿಸಬೇಕು. ಪೆಂಡಿಂಗ್ ಇದ್ದಷ್ಟು ಹೊತ್ತು ಅದೇ ನಂಬರಿಗೆ ಬೇರೆ ಯಾವ ಆಫರೂ ಹೋಗಬಾರದು. ಇದನ್ನು ಮಾಡಿದ್ದೀರಾ ಅಂತ ಕೇಳಿ, ಮಾಡಿದ್ದೇವೆ ಅಂದರೆ ನಿಮ್ಮ ಮನೆಯಲ್ಲಿರುವ ಹಳೇ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ, ಯುಪಿಐನಲ್ಲೇ ನಿಜವಾದ ದುಡ್ಡು ಕಟ್ಟಿ ತೋರಿಸಿ ಅನ್ನಿ. ಆಮೇಲೆ ಜಾಹೀರಾತು ಬಿಡಿ.

ಇಂಥ ಪೇಜುಗಳಲ್ಲಿ ಎರಡು ಸಲ ಕಟ್ಟಿ ಕೂತಿರುವ ಗಿರಾಕಿಗಳೂ ಇದನ್ನು ಓದುತ್ತಿರಬಹುದು. ಯುಪಿಐ ಆಪಿನ ಹಿಸ್ಟರಿಯಲ್ಲಿ ಪ್ರತಿ ಪೇಮೆಂಟಿಗೂ 12 ಅಂಕಿಯ ಯುಟಿಆರ್ ನಂಬರ್ ಇರುತ್ತದೆ, ಎರಡರದ್ದೂ ಬರೆದಿಟ್ಟುಕೊಳ್ಳಿ. ಪೇಜಿನ ಮತ್ತು ಪಾಪ್‌ಅಪ್ಪಿನ ಸ್ಕ್ರೀನ್‌ಶಾಟ್ ಅಳಿಸಬೇಡಿ. ಖಾತೆಯಿಂದ ದುಡ್ಡು ಹೋಗಿ ಮಾರಿದವರಿಗೆ ಖಾತರಿ ತಲುಪದೇ ಇದ್ದರೆ, ಆರ್‌ಬಿಐ 2019ರಲ್ಲಿ ಹಾಕಿದ ನಿಯಮದ ಪ್ರಕಾರ ಪೇಮೆಂಟು ಆದ ದಿನ ಬಿಟ್ಟು ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಎರಡೂ ಪೇಮೆಂಟು ಮಾರಿದವರಿಗೆ ತಲುಪಿದ್ದರೆ ಮೊದಲು ಅವರಿಗೇ ಬರವಣಿಗೆಯಲ್ಲಿ ಕೇಳಿ. ಇ-ಕಾಮರ್ಸ್ ನಿಯಮದಲ್ಲಿ ದೂರು ಮುಟ್ಟಿದೆ ಅಂತ ಹೇಳಲು 48 ಗಂಟೆ, ಬಗೆಹರಿಸಲು ಒಂದು ತಿಂಗಳು ಕೊಟ್ಟಿದ್ದಾರೆ. ಅಷ್ಟರಲ್ಲಿ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಯುಟಿಆರ್ ನಂಬರುಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡಿ. ನನ್ನ ಕ್ಲಾಸಿಗೆ ಸೇರಿದವರಲ್ಲಿ ಇನ್ನೂ ಯಾರದಾದರೂ ಬಾಕಿ ಉಳಿದಿದ್ದರೆ ಅಂಗಡಿಗೆ ಬನ್ನಿ, ಇಲ್ಲವೇ ಗ್ರೂಪಿನಲ್ಲಿರುವ ನನ್ನ ನಂಬರಿಗೆ ಆ ಎರಡು ಸ್ಕ್ರೀನ್‌ಶಾಟ್ ಕಳಿಸಿ, ಅವತ್ತೇ ವಾಪಸ್ ಹಾಕುತ್ತೇನೆ.