‘ಸತ್ಯ’ ಎಂದರೇನು: ಶಂಕರರೋ, ಮಧ್ವರೋ?

ಉಡುಪಿಯಲ್ಲಿದ್ದು ವೇದಾಂತ ಓದಲು ಹೊರಟವರು ಶಂಕರರಿಂದ ತೊಡಗಬೇಕೋ ಮಧ್ವರಿಂದಲೋ ಎಂದು ಕೇಳುವುದುಂಟು. ‘ಸತ್ಯ’ ಎಂಬ ಒಂದೇ ಪದವನ್ನು ಹಿಡಿದು ನೋಡಿದರೆ ಆಯ್ಕೆ ಸುಲಭವಾದೀತು. ಮಬ್ಬುಗತ್ತಲಲ್ಲಿ ಹಗ್ಗವು ಹಾವಾಗಿ ಕಂಡಾಗ, ಆ ಹಾವು ಸತ್ (ಇರುವುದು) ಕೂಡ ಅಲ್ಲ, ಅಸತ್ (ಇಲ್ಲದ್ದು) ಕೂಡ ಅಲ್ಲ, ಅನಿರ್ವಚನೀಯ (ಎರಡರಲ್ಲಿ ಯಾವುದೆಂದೂ ಹೇಳಲಾಗದ್ದು) ಎನ್ನುವ ಶಂಕರರ ಅದ್ವೈತವು ಜಗತ್ತಿಗೆ ವ್ಯಾವಹಾರಿಕ ಸತ್ಯತ್ವವನ್ನಷ್ಟೇ (ಬ್ರಹ್ಮಜ್ಞಾನ ಬರುವವರೆಗೆ ನಿಲ್ಲುವ, ದಿನನಿತ್ಯದ ವ್ಯವಹಾರದ ಮಟ್ಟದ ಸತ್ಯತ್ವವನ್ನಷ್ಟೇ) ಒಪ್ಪುತ್ತದೆ. ಮಧ್ವರಿಗೆ ಈ ನಡುವಿನ ವರ್ಗವೇ ಬೇಡ: ಅಲ್ಲಿ ಕಂಡ ಹಾವು ಅಸತ್ತು, ಹಗ್ಗ ಸತ್ಯ, ಪಂಚಭೇದಗಳಿಂದ (ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದಗಳಿಂದ) ಕೂಡಿದ ಜಗತ್ತೂ ಸತ್ಯವೇ, ಆದರೆ ಸ್ವತಂತ್ರನಾದ ವಿಷ್ಣುವಿಗೆ ಅಧೀನ. ಅದ್ವೈತಿಗಳು ‘ಅದು ನೀನೇ’ ಎಂದು ಓದುವ, ಛಾಂದೋಗ್ಯ ಉಪನಿಷತ್ತಿನ ‘ಸ ಆತ್ಮಾ ತತ್ತ್ವಮಸಿ’ಯನ್ನು ಅವರು ‘ಆತ್ಮಾ ಅತತ್’ (ನೀನು ಅದಲ್ಲ) ಎಂದು ಬಿಡಿಸಿದ್ದು (‘ಆ’, ‘ಅ’ ಸೇರಿ ‘ಆ’ ಆಗುವ ಸವರ್ಣದೀರ್ಘ ಸಂಧಿ ಅದಕ್ಕೆ ಅಡ್ಡಿಬಾರದು) ಈ ನಿಲುವಿಗೆ ತಕ್ಕಂತೆಯೇ ಇದೆ. ಪೂರ್ವಪಕ್ಷ (ಖಂಡಿಸಲಾಗುವ ಎದುರಾಳಿಯ ವಾದ) ತಿಳಿಯದವರಿಗೆ ಖಂಡನೆ ರುಚಿಸದಾದ್ದರಿಂದ, ಮೊದಲು ಶಂಕರರ ಅಧ್ಯಾಸಭಾಷ್ಯವನ್ನು (ಬ್ರಹ್ಮಸೂತ್ರಭಾಷ್ಯದ ಪೀಠಿಕೆಯನ್ನು) ಓದಿ, ಬಳಿಕ ಮಧ್ವರತ್ತ ಬರುವುದು ಲೇಸು.