ಸಮುದ್ರದ ತಳದ ಮಣ್ಣಿನ ವರ್ಕ್‌ಶಾಪ್: ಮೊದಲನೇ ದಿನ ಸೂಪರ್, ಎರಡನೇ ದಿನ ಸುಮಾರು

ಮಲ್ಲೇಶ್ವರದಲ್ಲಿ ಎರಡು ದಿನದ ವೀಕೆಂಡ್ ವರ್ಕ್‌ಶಾಪು, ಸಮುದ್ರದೊಳಗೆ ನಿಲ್ಲಿಸೋ ಗಾಳಿ ಟರ್ಬೈನ್‌ಗಳ ಫೌಂಡೇಶನ್ ಬಗ್ಗೆ, ಫೀಸು 6 ಸಾವಿರ. ನಾನು ಅಪಾರ್ಟ್‌ಮೆಂಟ್ ಸೈಟುಗಳಿಗೆ ಸಾಯಿಲ್ ಟೆಸ್ಟ್ ಮಾಡಿಸೋನು, ಸಮುದ್ರಾನೇ ಇಲ್ಲದ ಊರಲ್ಲಿ ಇದೆಲ್ಲ ಯಾಕ್ರೀ ಅಂತ ಮನೆಯವಳು ಕೇಳಿದ್ಲು, ಕೇಳೋದ್ರಲ್ಲಿ ತಪ್ಪೇನಿಲ್ಲ.

ಆದ್ರೆ ಮೊದಲನೇ ದಿನ ಬಂದ ಮೇಷ್ಟ್ರು, ಅಬ್ಬಾ! ಒಂದು ಪ್ಲಾಸ್ಟಿಕ್ ಟಬ್ಬಲ್ಲಿ ಮರಳು, ಮೇಲೆ ನೀರು, ಸ್ಟೀಲ್ ಲೋಟದ ತಳಕ್ಕೆ ತೂತು ಹಾಕಿ ಪೈಪ್ ಸಿಕ್ಕಿಸಿ ಎಂ-ಸೀಲ್ ಮೆತ್ತಿದ್ರು, ಲೋಟ ಬೋರಲು ಹಾಕಿ ಸಿರಿಂಜಲ್ಲಿ ಒಳಗಿನ ನೀರು ಎಳೆದ್ರೆ ಲೋಟ ತಾನಾಗೇ ಮರಳೊಳಗೆ ಇಳೀತು, ಯಾರೂ ಒತ್ತಲಿಲ್ಲ, ಹೊರಗಿನ ನೀರಿನ ಒತ್ತಡಾನೇ ತಳ್ಳಿದ್ದು. ಟರ್ಬೈನ್ ಕೆಳಗೆ ಕೂರಿಸೋ ಸಕ್ಷನ್ ಬಕೆಟ್ ಅನ್ನೋ ಫೌಂಡೇಶನ್ ಅಂದ್ರೆ ಇಷ್ಟೇ. ಆಮೇಲೆ ಅದೇ ಟಬ್ಬಿಗೆ ಮುಕ್ಕಾಲಿಂಚು ಜಲ್ಲಿ ಸುರಿದ್ರು, ಎಷ್ಟು ಎಳೆದ್ರೂ ಲೋಟ ಅಲ್ಲಾಡ್ಲಿಲ್ಲ, ನೀರು ಕಲ್ಲಿನ ಸಂದಿಯಿಂದ ಒಳಗೆ ಬರ್ತಾನೇ ಇತ್ತು.

ನಮ್ಮ ಬಿಲ್ಡಿಂಗಿಗೆ ಭಾರ ಕೆಳಕ್ಕೆ, ಅಲ್ಲಿ ಗಾಳಿ ಅಲೆ ಎರಡೂ ಪಕ್ಕದಿಂದ ಗುದ್ದುತ್ತೆ, ಅದಕ್ಕೇ ಮಾನೋಪೈಲ್ ಅನ್ನೋ ದೊಡ್ಡ ಕಬ್ಬಿಣದ ಕೊಳವೆ ಹೊಡೆಯೋದು. ಜೇಡಿ ಅಂದ್ಕೊಂಡಿದ್ದಕ್ಕಿಂತ ಮೆತ್ತಗಿದ್ರೆ ಕಂಬ ನಿಧಾನಕ್ಕೆ ತೂಗಾಡುತ್ತೆ, ಆ ತೂಗಾಟ ಅಲೆಯ ತಾಳಕ್ಕೆ ಹೊಂದಿಕೊಂಡ್ರೆ ಕಥೆ ಮುಗೀತು. ಮರಳಾದ್ರೆ ಹರಿಯೋ ನೀರು ಬುಡದ ಸುತ್ತ ಗುಂಡಿ ತೋಡುತ್ತೆ, ಅದಕ್ಕೆ ಕಲ್ಲು ಸುರೀತಾರೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ 80 ಟರ್ಬೈನು, ಕೆಳಗೆ ಬಂಡೆ, ಹ್ಯಾಮರ್ ಒಂದೇ ಸಾಕಾಗ್ಲಿಲ್ಲ, ಕೊರೆದೇ ಇಳಿಸಿದ್ದು. ಬಂಡೆ ಕಾಟ ನಮಗೆ ಹೊಸದಾ?

ಟೆಸ್ಟಿಂಗ್ ಪಾಠಾನೂ ಚೆನ್ನಾಗಿತ್ತು. ನಾವಿಲ್ಲಿ ಮಣ್ಣಿನ ಗಟ್ಟಿತನ ನೋಡೋಕೆ 63.5 ಕೆಜಿ ಸುತ್ತಿಗೆ 75 ಸೆಂ.ಮೀ. ಮೇಲಿಂದ ಬಿಟ್ಟು ಏಟು ಎಣಿಸ್ತೀವಲ್ಲ, ಅಲ್ಲಿ ಶಂಕುವಿನ ಆಕಾರದ ಚೂಪು ಮೊನೆಯನ್ನ ಸೆಕೆಂಡಿಗೆ 2 ಸೆಂ.ಮೀ. ತರ ಅಳೀತಾ ಒತ್ಕೊಂಡು ಹೋಗ್ತಾರೆ, ಮಧ್ಯದಲ್ಲಿರೋ ತೆಳು ಪದರಾನೂ ಸಿಕ್ಕಿಬೀಳುತ್ತೆ.

ಎರಡನೇ ದಿನ ಬೇಜಾರು. ಸಾಫ್ಟ್‌ವೇರ್ ಡೆಮೋ ಅಂದ್ರು, ಲೈಸೆನ್ಸೇ ಮುಗಿದಿತ್ತು, ಒಂದೂವರೆ ಗಂಟೆ ಹಾಗೇ ಹೋಯ್ತು. ಗುಜರಾತ್, ತಮಿಳುನಾಡಿನ ಕಡಲಿಗೆ ತಲಾ 500 ಮೆಗಾವ್ಯಾಟ್ ಅಂತ ಕೇಂದ್ರ 2024ರಲ್ಲಿ 7,453 ಕೋಟಿಯ ಸ್ಕೀಮ್ ಒಪ್ಪಿದೆ, ನಮಗೆ ಬೇಕಾಗಿದ್ದೇ ಅದು, ಅದನ್ನ ಕೊನೇ ಇಪ್ಪತ್ತು ನಿಮಿಷದಲ್ಲಿ ಓಡಿಸಿಬಿಟ್ರು. ನೋಟ್ಸ್ ಮೇಲ್ ಮಾಡ್ತೀವಿ ಅಂದಿದ್ರು, ಮೂರು ಸಲ ಫೋನ್ ಮಾಡಾಯ್ತು, ಇನ್ನೂ ಬಂದಿಲ್ಲ.

ಐದಕ್ಕೆ ಮೂರು, ಅದೂ ಲೋಟಕ್ಕೆ. ಶನಿವಾರಕ್ಕೆ ಮಾತ್ರ ಅರ್ಧ ಫೀಸು ಅಂತ ಮಾಡಿದ್ರೆ ಕಣ್ಮುಚ್ಕೊಂಡು ಹೋಗಿ.