ವಿಕಿರಣ ಚಿಕಿತ್ಸೆಯ ನಂತರ: ಪಿಎಸ್‌ಎ ಮತ್ತು ಕೆಐ-67, ಯಾವುದನ್ನು ನೆಚ್ಚಬೇಕು?

ಪ್ರಾಸ್ಟೇಟ್ ಕ್ಯಾನ್ಸರ್ ಮರುಕಳಿಸುವ ಸಾಧ್ಯತೆಯನ್ನು ಅಳೆಯಲು ಈ ಎರಡೂ ಪ್ರೋಟೀನುಗಳು ನೆರವಾಗುತ್ತವೆ. ಕೆಐ-67 ವಿಭಜನೆಯಾಗುತ್ತಿರುವ ಜೀವಕೋಶಗಳಲ್ಲಿ ಕಾಣಿಸುತ್ತದೆ. ಚಿಕಿತ್ಸೆಗೆ ಮುನ್ನ ತೆಗೆದ ಬಯಾಪ್ಸಿಯ ತುಣುಕಿನಲ್ಲೇ ಅದನ್ನು ಎಣಿಸಬಹುದಾದ್ದರಿಂದ ಮತ್ತೆ ಸೂಜಿ ಚುಚ್ಚಬೇಕಿಲ್ಲ. ಅದರ ಪ್ರಮಾಣ ಹೆಚ್ಚಿದ್ದವರಲ್ಲಿ ರೋಗ ದೂರದ ಅಂಗಗಳಿಗೆ ಹರಡುವ ಅಪಾಯವೂ ಹೆಚ್ಚೆಂದು ಅಮೆರಿಕದ ವಿಕಿರಣ ಚಿಕಿತ್ಸಾ ಸಂಶೋಧನಾ ತಂಡವಾದ ಆರ್‌ಟಿಒಜಿಯ ಅಧ್ಯಯನಗಳು ತೋರಿಸಿವೆಯಾದರೂ, ಎಣಿಕೆ ಒಂದು ಲ್ಯಾಬ್‌ನಿಂದ ಇನ್ನೊಂದಕ್ಕೆ ವ್ಯತ್ಯಾಸವಾಗುತ್ತದೆ.

ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಪಿಎಸ್‌ಎಯನ್ನು ರಕ್ತಪರೀಕ್ಷೆಯಿಂದ ವರ್ಷಗಟ್ಟಲೆ ಅಳೆಯುತ್ತಾ ಹೋಗಬಹುದು. ವಿಕಿರಣದ ನಂತರವೂ ಗ್ರಂಥಿ ದೇಹದಲ್ಲೇ ಉಳಿಯುವುದರಿಂದ ಅಂಕಿ ಸಾಮಾನ್ಯವಾಗಿ ಸೊನ್ನೆಗೆ ಇಳಿಯದೆ, ನಿಧಾನವಾಗಿ ಒಂದು ಕನಿಷ್ಠ ಮಟ್ಟವನ್ನು ತಲುಪುತ್ತದೆ. ಅದಕ್ಕಿಂತ ಮಿಲಿಲೀಟರಿಗೆ 2 ನ್ಯಾನೊಗ್ರಾಂ ಅಥವಾ ಹೆಚ್ಚು ಏರಿದರೆ ಮರುಕಳಿಕೆಯೆಂದು 2006ರಲ್ಲಿ ಪ್ರಕಟವಾದ ಫೀನಿಕ್ಸ್ ಮಾನದಂಡ ಪರಿಗಣಿಸುತ್ತದೆ. ಉದಾಹರಣೆಗೆ, 0.4 ಇದ್ದದ್ದು 0.9 ಆಯಿತೆಂದು ದಯವಿಟ್ಟು ಕಂಗಾಲಾಗಬೇಡಿ: ಮೊದಲ ಕೆಲವು ವರ್ಷಗಳಲ್ಲಿ, ಅದರಲ್ಲೂ ಬ್ರಾಕಿಥೆರಪಿ (ಗ್ರಂಥಿಯೊಳಗೇ ವಿಕಿರಣದ ಮೂಲವನ್ನಿಟ್ಟು ಕೊಡುವ ಚಿಕಿತ್ಸೆ) ಪಡೆದವರಲ್ಲಿ, ಅಂಕಿ ತಾತ್ಕಾಲಿಕವಾಗಿ ಏರಿ ತಾನಾಗಿಯೇ ಇಳಿಯುವುದುಂಟು, ವಿಕಿರಣದ ಜೊತೆಗೆ ಕೆಲವರಿಗೆ ಕೊಡುವ ಹಾರ್ಮೋನ್ ಚುಚ್ಚುಮದ್ದು ನಿಲ್ಲಿಸಿದಾಗಲೂ ಸ್ವಲ್ಪ ಏರಬಹುದು.

ಚಿಕಿತ್ಸೆ ಮುಗಿಸಿದವರಿಗೆ ನನ್ನ ಒಲವು ನಿಸ್ಸಂದೇಹವಾಗಿ ಪಿಎಸ್‌ಎ ಕಡೆಗೆ. ಅದನ್ನು ಪ್ರತಿ ಬಾರಿಯೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಹಳೆಯ ವರದಿಗಳನ್ನೆಲ್ಲ ವೈದ್ಯರ ಮುಂದಿಡಿ. ಚಿಕಿತ್ಸೆಯನ್ನು ಇನ್ನೂ ಆರಂಭಿಸದವರು ಮಾತ್ರ, ಹಾರ್ಮೋನ್ ಚಿಕಿತ್ಸೆ ಎಷ್ಟು ಕಾಲ ಬೇಕೆಂಬ ಚರ್ಚೆಯಲ್ಲಿ, ಕೆಐ-67ರ ಬಗ್ಗೆಯೂ ಕೇಳಬಹುದು.